ಬ್ಯಾಟರ್ಸಿ ಉತ್ತರ (ಬ್ರಿಟನ್ನಿನ ಹಿಂದಿನ ಸಂಸತ್ ಮತಕ್ಷೇತ್ರ)

ಬ್ಯಾಟರ್ಸಿ ಉತ್ತರ (ಬ್ಯಾಟರ್ಸಿ ನಾರ್ತ್) ಎಂಬುದು ಲಂಡನ್ ಮಹಾನಗರದಲ್ಲಿ, ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲಿದ್ದ ಸಂಸತ್ ಮತಕ್ಷೇತ್ರ. 1918ರಲ್ಲಿ ರಚನೆಯಾಗಿ 1983ರಲ್ಲಿ ರದ್ದಾದ ಈ ಕ್ಷೇತ್ರವು ಬ್ರಿಟನ್ನಿನ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸಿಗೆ ಒಬ್ಬ ಸದಸ್ಯರನ್ನು ಆರಿಸಿ ಕಳುಹಿಸುತ್ತಿತ್ತು. ಕಾರ್ಖಾನೆ ಮತ್ತು ರೈಲ್ವೆ ಕಾರ್ಮಿಕರೇ ಹೆಚ್ಚಾಗಿ ವಾಸಿಸುತ್ತಿದ್ದ ಈ ಕ್ಷೇತ್ರವು ಮುಂಬಯಿಯಲ್ಲಿ ಜನಿಸಿದ ಕಮ್ಯುನಿಸ್ಟ್ ನಾಯಕ ಶಾಪುರ್ಜಿ ಸಕ್ಲತ್‌ವಾಲಾ ಅವರನ್ನು 1922 ಮತ್ತು 1924ರಲ್ಲಿ ಎರಡು ಬಾರಿ ಚುನಾಯಿಸಿದ ಕಾರಣದಿಂದ ಭಾರತೀಯರಿಗೆ ಪರಿಚಿತವಾಗಿದೆ. ತನ್ನ 65 ವರ್ಷಗಳ ಅಸ್ತಿತ್ವದಲ್ಲಿ ಇಲ್ಲಿ 18 ಸಾರ್ವತ್ರಿಕ ಚುನಾವಣೆಗಳೂ 2 ಉಪಚುನಾವಣೆಗಳೂ ನಡೆದವು. ಈ 20 ಸ್ಪರ್ಧೆಗಳಲ್ಲಿ 15 ಬಾರಿ ಲೇಬರ್ ಪಕ್ಷದ ಅಧಿಕೃತ ಅಭ್ಯರ್ಥಿಗಳು ಗೆದ್ದರು.

## ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತರಕಾರಿ ತೋಟಗಳ ಹಳ್ಳಿಯಾಗಿದ್ದ ಬ್ಯಾಟರ್ಸಿಯು ರೈಲುಮಾರ್ಗಗಳ ಆಗಮನದೊಂದಿಗೆ ಕೈಗಾರಿಕಾ ಪಟ್ಟಣವಾಗಿ ಬದಲಾಯಿತು. ನೈನ್ ಎಲ್ಮ್ಸ್‌ನ ರೈಲ್ವೆ ಕಾರ್ಯಾಗಾರ ಮತ್ತು ಅನಿಲ ಸ್ಥಾವರ, ಪ್ರೈಸ್ ಕಂಪನಿಯ ಮೇಣದಬತ್ತಿ ಕಾರ್ಖಾನೆ, ಲೋಹ ಕರಗಿಸುವ ಮೂಸೆಗಳನ್ನು ತಯಾರಿಸುತ್ತಿದ್ದ ಮಾರ್ಗನ್ ಕಂಪನಿ ಮೊದಲಾದವು ನದಿಯ ಅಂಚಿನಲ್ಲಿ ನೆಲೆಗೊಂಡವು. ಅವುಗಳಲ್ಲಿ ದುಡಿಯುತ್ತಿದ್ದವರು ಸಾಲುಮನೆಗಳಲ್ಲಿ ಒತ್ತೊತ್ತಾಗಿ ವಾಸಿಸುತ್ತಿದ್ದರು. ದಕ್ಷಿಣಕ್ಕೆ ಸಾಗಿದಂತೆ, ಕ್ಲಾಪಮ್ ಮತ್ತು ವಾಂಡ್ಸ್‌ವರ್ತ್ ಬಯಲುಗಳ ಸಮೀಪದಲ್ಲಿ, ಅನುಕೂಲಸ್ಥ ಮಧ್ಯಮವರ್ಗದ ಬಡಾವಣೆಗಳಿದ್ದವು. ಮುಂದೆ ಬ್ಯಾಟರ್ಸಿಯ ಉತ್ತರ ಮತ್ತು ದಕ್ಷಿಣ ಕ್ಷೇತ್ರಗಳ ರಾಜಕೀಯ ಸ್ವಭಾವ ಬೇರೆಬೇರೆಯಾಗಲು ಈ ವ್ಯತ್ಯಾಸವೇ ಮುಖ್ಯ ಕಾರಣ.

1885ರಿಂದ 1918ರವರೆಗೆ ಬ್ಯಾಟರ್ಸಿ ಎಂಬ ಹೆಸರಿನ ಒಂದೇ ಕ್ಷೇತ್ರವಿತ್ತು. ಕಾರ್ಮಿಕ ನಾಯಕ ಜಾನ್ ಬರ್ನ್ಸ್ 1892ರಿಂದ 1918ರವರೆಗೆ ಅದನ್ನು ಪ್ರತಿನಿಧಿಸಿದರು. ಅವರು 1905ರಲ್ಲಿ ಲಿಬರಲ್ ಸರ್ಕಾರದ ಸಂಪುಟವನ್ನು ಸೇರಿದರು; 1914ರಲ್ಲಿ ಬ್ರಿಟನ್ ಮಹಾಯುದ್ಧಕ್ಕೆ ಇಳಿದುದನ್ನು ವಿರೋಧಿಸಿ ಸಚಿವಸ್ಥಾನಕ್ಕೆ ರಾಜೀನಾಮೆ ನೀಡಿದರು. ಸ್ಥಳೀಯ ಆಡಳಿತದಲ್ಲಿ ಲಿಬರಲರು, ಸಮಾಜವಾದಿಗಳು ಮತ್ತು ಕಾರ್ಮಿಕ ಸಂಘಗಳು ಒಂದಾಗಿ ಕೆಲಸ ಮಾಡುವ ಪರಂಪರೆ ಇಲ್ಲಿ ಬೆಳೆಯಿತು. ಪುರಸಭೆಯು ಗುತ್ತಿಗೆದಾರರ ನೆರವಿಲ್ಲದೆ ತನ್ನದೇ ಕೆಲಸಗಾರರಿಂದ ಕಟ್ಟಿಸಿದ ಲ್ಯಾಚ್‌ಮಿಯರ್ ಬಡಾವಣೆ (1903) ಈ ಪರಂಪರೆಯ ಕುರುಹಾಗಿ ಇಂದಿಗೂ ಉಳಿದಿದೆ.

1913ರ ನವೆಂಬರಿನಲ್ಲಿ ಇದೇ ಪುರಸಭೆಯು ಜಾನ್ ಆರ್ಚರ್ ಅವರನ್ನು ಮೇಯರ್ ಆಗಿ ಆರಿಸಿತು. ಆರ್ಚರ್ ಅವರ ತಂದೆ ಬಾರ್ಬಡೋಸ್ ದ್ವೀಪದವರು, ತಾಯಿ ಐರಿಷ್ ಮಹಿಳೆ. ಲಂಡನ್ನಿನ ಪುರಸಭೆಯೊಂದಕ್ಕೆ ಕಪ್ಪುವರ್ಣೀಯರೊಬ್ಬರು ಮೇಯರ್ ಆದದ್ದು ಅದೇ ಮೊದಲು. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಅವರು ಮುಂದೆ ಬ್ಯಾಟರ್ಸಿ ಉತ್ತರದ ಚುನಾವಣೆಗಳಲ್ಲಿ ಮಹತ್ವದ ಪಾತ್ರ ವಹಿಸಿದರು.

## ಕ್ಷೇತ್ರದ ರಚನೆ

1918ರ ಜನಪ್ರಾತಿನಿಧ್ಯ ಕಾಯಿದೆಯು ಬ್ರಿಟನ್ನಿನ ಮತದಾನ ವ್ಯವಸ್ಥೆಯನ್ನು ಬಹುಮಟ್ಟಿಗೆ ಬದಲಾಯಿಸಿತು. 21 ವರ್ಷ ತುಂಬಿದ ಬಹುತೇಕ ಎಲ್ಲ ಪುರುಷರಿಗೂ, ನಿಗದಿತ ಆಸ್ತಿ ಅರ್ಹತೆಯುಳ್ಳ 30 ವರ್ಷ ಮೀರಿದ ಮಹಿಳೆಯರಿಗೂ ಮತದಾನದ ಹಕ್ಕು ದೊರೆಯಿತು. ಅದುವರೆಗೆ ಮತದಾರರ ಪಟ್ಟಿಯಿಂದ ಹೊರಗುಳಿದಿದ್ದ ಬಾಡಿಗೆ ಕೋಣೆಗಳ ಬಡ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಮತದಾರರಾದರು. ಅದೇ ವರ್ಷದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬ್ಯಾಟರ್ಸಿಯನ್ನು ಉತ್ತರ, ದಕ್ಷಿಣ ಎಂದು ಎರಡು ಕ್ಷೇತ್ರಗಳಾಗಿ ವಿಭಜಿಸಲಾಯಿತು. ನೈನ್ ಎಲ್ಮ್ಸ್, ಲ್ಯಾಚ್‌ಮಿಯರ್ ಮತ್ತು ಬ್ಯಾಟರ್ಸಿ ಉದ್ಯಾನವನದ ಸುತ್ತಣ ಪ್ರದೇಶಗಳು ಉತ್ತರ ಕ್ಷೇತ್ರಕ್ಕೆ ಸೇರಿದವು.

ಚುನಾವಣಾ ಪದ್ಧತಿ ಇಂದು ಭಾರತದ ಲೋಕಸಭೆಗೆ ಇರುವಂತಹುದೇ ಆಗಿತ್ತು. ಅತಿ ಹೆಚ್ಚು ಮತ ಪಡೆದವರು ಗೆಲ್ಲುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮತ ಪಡೆಯಬೇಕೆಂಬ ನಿಯಮವಿರಲಿಲ್ಲ. ಹೀಗಾಗಿ ಕಣದಲ್ಲಿ ಎಷ್ಟು ಅಭ್ಯರ್ಥಿಗಳಿದ್ದಾರೆ, ಯಾರು ಯಾರ ಮತಗಳನ್ನು ಹಂಚಿಕೊಳ್ಳುತ್ತಾರೆ ಎಂಬುದು ಫಲಿತಾಂಶವನ್ನು ನಿರ್ಧರಿಸುತ್ತಿತ್ತು. ಈ ಕ್ಷೇತ್ರದ 1920ರ ದಶಕದ ಇತಿಹಾಸವನ್ನು ಅರ್ಥಮಾಡಿಕೊಳ್ಳಲು ಈ ಅಂಶವನ್ನು ನೆನಪಿನಲ್ಲಿಡುವುದು ಅಗತ್ಯ.

## ಸಂಸತ್ ಸದಸ್ಯರು

- 1918–1922: ರಿಚರ್ಡ್ ಮಾರಿಸ್ (ಸಮ್ಮಿಶ್ರ ಸರ್ಕಾರದ ಪರವಾಗಿದ್ದ ಲಿಬರಲ್)
- 1922–1923: ಶಾಪುರ್ಜಿ ಸಕ್ಲತ್‌ವಾಲಾ (ಕಮ್ಯುನಿಸ್ಟ್, ಲೇಬರ್ ಬೆಂಬಲ)
- 1923–1924: ಹೆನ್ರಿ ಹಾಗ್ಬಿನ್ (ಲಿಬರಲ್)
- 1924–1929: ಶಾಪುರ್ಜಿ ಸಕ್ಲತ್‌ವಾಲಾ (ಕಮ್ಯುನಿಸ್ಟ್)
- 1929–1931: ವಿಲಿಯಂ ಸ್ಯಾಂಡರ್ಸ್ (ಲೇಬರ್)
- 1931–1935: ಆರ್ಥರ್ ಮಾರ್ಸ್ಡೆನ್ (ಕನ್ಸರ್ವೇಟಿವ್)
- 1935–1940: ವಿಲಿಯಂ ಸ್ಯಾಂಡರ್ಸ್ (ಲೇಬರ್)
- 1940–1946: ಫ್ರಾನ್ಸಿಸ್ ಡಗ್ಲಸ್ (ಲೇಬರ್)
- 1946–1983: ಡಗ್ಲಸ್ ಜೇ (ಲೇಬರ್)

## ಚುನಾವಣಾ ಇತಿಹಾಸ

### 1918: ಮೊದಲ ಚುನಾವಣೆ

ಮಹಾಯುದ್ಧ ಮುಗಿದ ಒಂದು ತಿಂಗಳಲ್ಲೇ, 1918ರ ಡಿಸೆಂಬರ್ 14ರಂದು, ಮೊದಲ ಚುನಾವಣೆ ನಡೆಯಿತು. ಮಹಿಳೆಯರು ಸಂಸತ್ತಿಗೆ ಸ್ಪರ್ಧಿಸಬಹುದೆಂಬ ಕಾಯಿದೆ ಅದಕ್ಕೆ ಕೆಲವೇ ವಾರಗಳ ಹಿಂದೆ ಜಾರಿಗೆ ಬಂದಿತ್ತು. ದೇಶದಾದ್ಯಂತ ಕಣಕ್ಕಿಳಿದ 17 ಮಹಿಳೆಯರಲ್ಲಿ ಬ್ಯಾಟರ್ಸಿ ಉತ್ತರದ ಲೇಬರ್ ಅಭ್ಯರ್ಥಿ ಶಾರ್ಲೆಟ್ ಡೆಸ್ಪಾರ್ಡ್ ಒಬ್ಬರು. ಆಗ ಅವರಿಗೆ 74 ವರ್ಷ. ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡಿದ್ದ ಅವರು ನೈನ್ ಎಲ್ಮ್ಸ್‌ನ ಬಡಜನರ ನಡುವೆ ಮನೆ ಮಾಡಿಕೊಂಡು ದಶಕಗಳ ಕಾಲ ಸೇವೆ ಸಲ್ಲಿಸಿದ್ದರು.

ಡೆಸ್ಪಾರ್ಡ್ ಯುದ್ಧವಿರೋಧಿಯಾಗಿದ್ದರು. ಅವರ ತಮ್ಮ ಜಾನ್ ಫ್ರೆಂಚ್ ಯುದ್ಧದ ಆರಂಭದಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಸೇನೆಯ ದಂಡನಾಯಕರಾಗಿದ್ದವರು. ಗೆಲುವಿನ ಉತ್ಸಾಹದಲ್ಲಿದ್ದ ದೇಶದಲ್ಲಿ ಶಾಂತಿವಾದಕ್ಕೆ ಮನ್ನಣೆ ದೊರೆಯುವ ಕಾಲ ಅದಾಗಿರಲಿಲ್ಲ. ಲಾಯ್ಡ್ ಜಾರ್ಜ್ ಅವರ ಸಮ್ಮಿಶ್ರ ಸರ್ಕಾರವನ್ನು ಬೆಂಬಲಿಸಿದ ರಿಚರ್ಡ್ ಮಾರಿಸ್ ಸುಮಾರು ಮೂರನೆಯ ಎರಡರಷ್ಟು ಮತ ಪಡೆದು ಗೆದ್ದರು. ಡೆಸ್ಪಾರ್ಡ್ ಅವರಿಗೆ ಉಳಿದ ಮೂರನೆಯ ಒಂದರಷ್ಟು ಮತಗಳು ಬಂದವು.

### 1922–1924: ಮೂರು ವರ್ಷ, ಮೂರು ಚುನಾವಣೆ

ಶಾಪುರ್ಜಿ ಸಕ್ಲತ್‌ವಾಲಾ 1874ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ಥಾಪನೆಗೆ ಕಾರಣಕರ್ತರಾದ ಉದ್ಯಮಿ ಜಮ್‌ಷೆಟ್‌ಜಿ ಟಾಟಾ ಅವರು ಇವರ ಸೋದರಮಾವ. 1905ರಲ್ಲಿ ಇಂಗ್ಲೆಂಡಿಗೆ ಬಂದ ಸಕ್ಲತ್‌ವಾಲಾ ಟಾಟಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಕಾರ್ಮಿಕ ಚಳವಳಿಯತ್ತ ಆಕರ್ಷಿತರಾದರು. 1909ರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯನ್ನೂ 1921ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನೂ ಸೇರಿದರು. ಎರಡು ಪಕ್ಷಗಳಲ್ಲಿ ಏಕಕಾಲಕ್ಕೆ ಇರುವುದು ಆ ದಿನಗಳಲ್ಲಿ ಅಸಾಧ್ಯವಾಗಿರಲಿಲ್ಲ. ಲೇಬರ್ ಪಕ್ಷವು ಕಾರ್ಮಿಕ ಸಂಘಗಳ ಮತ್ತು ಸಮಾಜವಾದಿ ಸಂಘಟನೆಗಳ ಒಕ್ಕೂಟದಂತೆ ಬೆಳೆದದ್ದು. ಕಮ್ಯುನಿಸ್ಟರಾಗಿದ್ದವರೂ ಸಂಘದ ಅಥವಾ ಸ್ಥಳೀಯ ಶಾಖೆಯ ಮೂಲಕ ಅದರಲ್ಲಿ ಭಾಗವಹಿಸುತ್ತಿದ್ದರು. ಬ್ಯಾಟರ್ಸಿಯ ಲೇಬರ್ ಸಂಘಟನೆಯು ಸಕ್ಲತ್‌ವಾಲಾ ಅವರನ್ನು ತನ್ನ ಅಭ್ಯರ್ಥಿಯನ್ನಾಗಿ ಸ್ವೀಕರಿಸಿತು. ಜಾನ್ ಆರ್ಚರ್ ಅವರ ಚುನಾವಣಾ ಏಜೆಂಟರಾದರು.

1922ರ ನವೆಂಬರಿನ ಚುನಾವಣೆಯ ಫಲಿತಾಂಶ:

- ಶಾಪುರ್ಜಿ ಸಕ್ಲತ್‌ವಾಲಾ (ಕಮ್ಯುನಿಸ್ಟ್, ಲೇಬರ್ ಬೆಂಬಲ): 11,311
- ಹೆನ್ರಿ ಹಾಗ್ಬಿನ್ (ನ್ಯಾಷನಲ್ ಲಿಬರಲ್): 9,290
- ವಿವಿಯನ್ ಆಲ್ಬು (ಲಿಬರಲ್): 1,756
- ಅಂತರ: 2,021

ಎದುರಾಳಿಗಳಿಬ್ಬರ ಮತಗಳನ್ನು ಕೂಡಿಸಿದರೆ 11,046 ಆಗುತ್ತದೆ. ಸಕ್ಲತ್‌ವಾಲಾ ಅದಕ್ಕಿಂತಲೂ 265 ಮತ ಹೆಚ್ಚು ಪಡೆದಿದ್ದರು. ಆದುದರಿಂದ ಇದು ಕೇವಲ ವಿರೋಧಿಗಳ ಮತ ವಿಭಜನೆಯಿಂದ ದೊರೆತ ಜಯವೆನ್ನಲಾಗದು.

1923ರಲ್ಲಿ ಪ್ರಧಾನಿ ಬಾಲ್ಡ್‌ವಿನ್ ಆಮದು ಸುಂಕದ ಪ್ರಶ್ನೆಯನ್ನು ಮುಂದಿಟ್ಟು ಚುನಾವಣೆ ಘೋಷಿಸಿದರು. ಮುಕ್ತ ವ್ಯಾಪಾರವನ್ನು ಬೆಂಬಲಿಸುತ್ತಿದ್ದ ಲಿಬರಲರ ಎರಡು ಬಣಗಳು ಅದರಿಂದಾಗಿ ಒಂದಾದವು. ಬ್ಯಾಟರ್ಸಿ ಉತ್ತರದಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿಯೂ ಇರಲಿಲ್ಲ. ನೇರ ಸ್ಪರ್ಧೆಯಲ್ಲಿ ಹಾಗ್ಬಿನ್ 12,527, ಸಕ್ಲತ್‌ವಾಲಾ 12,341 ಮತ ಪಡೆದರು. ಸಕ್ಲತ್‌ವಾಲಾ ಹಿಂದಿನ ಸಲಕ್ಕಿಂತ 1,030 ಮತ ಹೆಚ್ಚು ಗಳಿಸಿಯೂ 186 ಮತಗಳಿಂದ ಸೋತರು.

1924ರ ಅಕ್ಟೋಬರಿನಲ್ಲಿ ಪರಿಸ್ಥಿತಿ ಇನ್ನೂ ಪ್ರತಿಕೂಲವಾಗಿತ್ತು. ಕಮ್ಯುನಿಸ್ಟರು ಲೇಬರ್ ಅಭ್ಯರ್ಥಿಗಳಾಗಕೂಡದೆಂದು ಲೇಬರ್ ಪಕ್ಷದ ವಾರ್ಷಿಕ ಸಮ್ಮೇಳನ ನಿರ್ಣಯಿಸಿತು. ಮತದಾನಕ್ಕೆ ನಾಲ್ಕು ದಿನ ಮೊದಲು, ಸೋವಿಯತ್ ನಾಯಕ ಜಿನೊವೀವ್ ಬರೆದುದೆಂದು ಹೇಳಲಾದ ಪತ್ರವೊಂದು ಪತ್ರಿಕೆಗಳಲ್ಲಿ ಪ್ರಕಟವಾಗಿ ದೇಶದಲ್ಲಿ ಕಮ್ಯುನಿಸ್ಟ್ ಭೀತಿಯನ್ನು ಹುಟ್ಟಿಸಿತು. ಅದು ನಕಲಿ ಪತ್ರವೆಂಬುದು ಇಂದಿನ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆದರೂ ಬ್ಯಾಟರ್ಸಿಯ ಲೇಬರ್ ಕಾರ್ಯಕರ್ತರು ಸಕ್ಲತ್‌ವಾಲಾ ಅವರನ್ನು ಕೈಬಿಡಲಿಲ್ಲ. ಅವರ ವಿರುದ್ಧ ಲೇಬರ್ ಅಭ್ಯರ್ಥಿಯೂ ನಿಲ್ಲಲಿಲ್ಲ. ಹಾಗ್ಬಿನ್ ಈ ಬಾರಿ ಕಾನ್‌ಸ್ಟಿಟ್ಯೂಷನಲಿಸ್ಟ್, ಅಂದರೆ ಸಂವಿಧಾನವಾದಿ, ಎಂಬ ಹೆಸರಿನಲ್ಲಿ ಸ್ಪರ್ಧಿಸಿದರು. ಫಲಿತಾಂಶ ಹೀಗಿತ್ತು:

- ಶಾಪುರ್ಜಿ ಸಕ್ಲತ್‌ವಾಲಾ (ಕಮ್ಯುನಿಸ್ಟ್): 15,096
- ಹೆನ್ರಿ ಹಾಗ್ಬಿನ್ (ಕಾನ್‌ಸ್ಟಿಟ್ಯೂಷನಲಿಸ್ಟ್): 14,554
- ಅಂತರ: 542

ದೇಶದಲ್ಲಿ ಕನ್ಸರ್ವೇಟಿವ್ ಪಕ್ಷ ಭಾರೀ ಬಹುಮತ ಗಳಿಸಿದ ಆ ಚುನಾವಣೆಯಲ್ಲಿ ಸಕ್ಲತ್‌ವಾಲಾ ಬ್ರಿಟಿಷ್ ಸಂಸತ್ತಿನ ಏಕೈಕ ಕಮ್ಯುನಿಸ್ಟ್ ಸದಸ್ಯರಾದರು.

### 1924–1929: ಬೆಂಬಲದ ನೆಲೆ ಒಡೆದದ್ದು

ಸಕ್ಲತ್‌ವಾಲಾ ಸಂಸತ್ತಿನಲ್ಲಿ ನಿರುದ್ಯೋಗ, ವಸತಿ ಮತ್ತು ಬಾಡಿಗೆಯ ಪ್ರಶ್ನೆಗಳ ಜೊತೆಗೆ ಭಾರತದ ಸ್ವಾತಂತ್ರ್ಯದ ಪ್ರಶ್ನೆಯನ್ನೂ ನಿರಂತರವಾಗಿ ಎತ್ತಿದರು. ಲ್ಯಾಂಕಾಷೈರಿನ ಗಿರಣಿ ಕಾರ್ಮಿಕನ ಹಿತವೂ ಮುಂಬಯಿಯ ಗಿರಣಿ ಕಾರ್ಮಿಕನ ಹಿತವೂ ಒಂದೇ ಎಂಬುದು ಅವರ ವಾದದ ತಿರುಳಾಗಿತ್ತು. 1926ರ ಮೇ ದಿನದಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಸೈನಿಕರು ಕಾರ್ಮಿಕರ ಮೇಲೆ ಗುಂಡು ಹಾರಿಸಬಾರದೆಂದು ಕರೆ ನೀಡಿದುದಕ್ಕಾಗಿ ಅವರನ್ನು ಬಂಧಿಸಲಾಯಿತು. ಸನ್ನಡತೆಯ ಮುಚ್ಚಳಿಕೆ ಬರೆದುಕೊಡಲು ಒಪ್ಪದೆ ಅವರು ಎರಡು ತಿಂಗಳ ಸೆರೆವಾಸ ಅನುಭವಿಸಿದರು. 1927ರಲ್ಲಿ ಭಾರತ ಪ್ರವಾಸ ಮಾಡಿದಾಗ ಚರಕ ಮತ್ತು ಕಾರ್ಮಿಕ ಸಂಘಟನೆಯ ವಿಷಯವಾಗಿ ಗಾಂಧೀಜಿಯವರೊಂದಿಗೆ ಬಹಿರಂಗ ಪತ್ರಗಳ ಮೂಲಕ ವಾಗ್ವಾದ ನಡೆಸಿದರು. ಆ ಪ್ರವಾಸದ ನಂತರ ಅವರು ಮತ್ತೆ ಭಾರತಕ್ಕೆ ಬರದಂತೆ ಸರ್ಕಾರ ನಿರ್ಬಂಧ ವಿಧಿಸಿತು.

ಇದೇ ಅವಧಿಯಲ್ಲಿ ಕ್ಷೇತ್ರದೊಳಗಿನ ಐಕ್ಯವು ಮುರಿಯಿತು. ಕಮ್ಯುನಿಸ್ಟರು ಲೇಬರ್ ಪಕ್ಷದ ವೈಯಕ್ತಿಕ ಸದಸ್ಯರೂ ಆಗಿರಕೂಡದೆಂದು 1925ರ ಲಿವರ್‌ಪೂಲ್ ಸಮ್ಮೇಳನ ಸ್ಪಷ್ಟಪಡಿಸಿತು. ಬ್ಯಾಟರ್ಸಿಯ ಸಂಘಟನೆ ಈ ನಿರ್ಣಯವನ್ನು ಜಾರಿಗೊಳಿಸಲು ನಿರಾಕರಿಸಿದ ಕಾರಣ 1926ರಲ್ಲಿ ರಾಷ್ಟ್ರೀಯ ಪಕ್ಷವು ಅದರ ಮಾನ್ಯತೆಯನ್ನು ರದ್ದುಪಡಿಸಿ, ಸ್ಥಳದಲ್ಲಿ ಹೊಸ ಲೇಬರ್ ಶಾಖೆಯನ್ನು ಕಟ್ಟಿತು. ಕಾರ್ಯಕರ್ತರು ಎರಡು ಪಾಲಾದರು. ಸಕ್ಲತ್‌ವಾಲಾ ಅವರ ಏಜೆಂಟರಾಗಿದ್ದ ಆರ್ಚರ್ ಸಹ ಹೊಸ ಶಾಖೆಯ ಪರ ನಿಂತರು.

1929ರ ಮೇ 30ರ ಚುನಾವಣೆ ಚತುಷ್ಕೋನ ಸ್ಪರ್ಧೆಯಾಗಿತ್ತು. ಕನ್ಸರ್ವೇಟಿವ್, ಲಿಬರಲ್, ಲೇಬರ್ ಮತ್ತು ಕಮ್ಯುನಿಸ್ಟ್ ಪಕ್ಷಗಳೆಲ್ಲವೂ ಅಭ್ಯರ್ಥಿಗಳನ್ನು ಹೂಡಿದ್ದವು. ಮಹಿಳೆಯರಿಗೂ ಪುರುಷರಂತೆಯೇ 21ನೆಯ ವಯಸ್ಸಿಗೆ ಮತದಾನದ ಹಕ್ಕು ನೀಡಿದ 1928ರ ಕಾಯಿದೆಯಿಂದ ಮತದಾರರ ಸಂಖ್ಯೆಯೂ ಹೆಚ್ಚಿತ್ತು. ಫೇಬಿಯನ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಲೇಬರ್ ಅಭ್ಯರ್ಥಿ ವಿಲಿಯಂ ಸ್ಯಾಂಡರ್ಸ್ 13,265 ಮತ ಪಡೆದು ಗೆದ್ದರು. ಅವರ ಚುನಾವಣಾ ಏಜೆಂಟರು ಅದೇ ಜಾನ್ ಆರ್ಚರ್. ಸಕ್ಲತ್‌ವಾಲಾ 6,554 ಮತಗಳೊಂದಿಗೆ ಮೂರನೆಯ ಸ್ಥಾನಕ್ಕೆ ಇಳಿದರು.

### 1931–1945

ಆರ್ಥಿಕ ಕುಸಿತದ ನಡುವೆ ಲೇಬರ್ ಸರ್ಕಾರ ಒಡೆದು ರಾಷ್ಟ್ರೀಯ ಸರ್ಕಾರ ರಚನೆಯಾದ ಬಳಿಕ ನಡೆದ 1931ರ ಚುನಾವಣೆಯಲ್ಲಿ ಲೇಬರ್ ಪಕ್ಷ ದೇಶದಾದ್ಯಂತ ನೆಲಕಚ್ಚಿತು. ಬ್ಯಾಟರ್ಸಿ ಉತ್ತರದಲ್ಲಿ ನೌಕಾಪಡೆಯ ಅಧಿಕಾರಿ ಆರ್ಥರ್ ಮಾರ್ಸ್ಡೆನ್ 18,688 ಮತಗಳಿಂದ ಗೆದ್ದರು. ಸ್ಯಾಂಡರ್ಸ್ ಅವರಿಗೆ 11,985, ಸಕ್ಲತ್‌ವಾಲಾ ಅವರಿಗೆ 3,021 ಮತಗಳು ಬಂದವು. ಚಲಾಯಿತ ಮತಗಳ ಎಂಟನೆಯ ಒಂದು ಭಾಗವೂ ದೊರೆಯದ ಕಾರಣ ಸಕ್ಲತ್‌ವಾಲಾ ಠೇವಣಿಯನ್ನೂ ಕಳೆದುಕೊಂಡರು. ಕನ್ಸರ್ವೇಟಿವ್ ಪಕ್ಷ ಈ ಕ್ಷೇತ್ರವನ್ನು ಗೆದ್ದದ್ದು ಇದೊಂದೇ ಬಾರಿ.

1935ರಲ್ಲಿ ಕಮ್ಯುನಿಸ್ಟ್ ಪಕ್ಷ ಇಲ್ಲಿ ಸ್ಪರ್ಧಿಸಲಿಲ್ಲ. ಸ್ಯಾಂಡರ್ಸ್ ಕ್ಷೇತ್ರವನ್ನು ಮರಳಿ ಪಡೆದರು. ಸಕ್ಲತ್‌ವಾಲಾ 1936ರ ಜನವರಿಯಲ್ಲಿ ಲಂಡನ್ನಿನಲ್ಲಿ ನಿಧನರಾದರು.

1940ರಲ್ಲಿ ಸ್ಯಾಂಡರ್ಸ್ ರಾಜೀನಾಮೆ ನೀಡಿದ್ದರಿಂದ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆಯಿತು. ಯುದ್ಧಕಾಲದಲ್ಲಿ ಪ್ರಮುಖ ಪಕ್ಷಗಳು ಪರಸ್ಪರ ಸ್ಪರ್ಧಿಸದಿರುವ ಒಪ್ಪಂದ ಮಾಡಿಕೊಂಡಿದ್ದವು. ಹೀಗಾಗಿ ಲೇಬರ್ ಪಕ್ಷದ ಫ್ರಾನ್ಸಿಸ್ ಡಗ್ಲಸ್ ಅವರಿಗೆ ಎದುರಾಗಿ ಯುದ್ಧವಿರೋಧಿ ಅಭ್ಯರ್ಥಿಯೊಬ್ಬರು ಮಾತ್ರ ನಿಂತು ಭಾರೀ ಅಂತರದಿಂದ ಸೋತರು. 1945ರ ಲೇಬರ್ ಅಲೆಯಲ್ಲಿ ಡಗ್ಲಸ್ ಪುನರಾಯ್ಕೆಯಾದರು.

### 1946–1983: ಡಗ್ಲಸ್ ಜೇ ಅವರ ಅವಧಿ

ಫ್ರಾನ್ಸಿಸ್ ಡಗ್ಲಸ್ ಮಾಲ್ಟಾದ ಗವರ್ನರ್ ಆಗಿ ನೇಮಕಗೊಂಡುದರಿಂದ 1946ರ ಜುಲೈನಲ್ಲಿ ಮತ್ತೊಂದು ಉಪಚುನಾವಣೆ ನಡೆಯಿತು. ಅರ್ಥಶಾಸ್ತ್ರ ತಜ್ಞರೂ ಪತ್ರಕರ್ತರೂ ಆಗಿದ್ದ ಡಗ್ಲಸ್ ಜೇ ಲೇಬರ್ ಅಭ್ಯರ್ಥಿಯಾಗಿ ಗೆದ್ದರು. ಅನಂತರ 1950ರಿಂದ 1979ರವರೆಗಿನ ಹತ್ತು ಸಾರ್ವತ್ರಿಕ ಚುನಾವಣೆಗಳಲ್ಲಿಯೂ ಗೆದ್ದು, 37 ವರ್ಷಗಳ ಕಾಲ ಕ್ಷೇತ್ರವನ್ನು ಪ್ರತಿನಿಧಿಸಿದರು. 1964ರಿಂದ 1967ರವರೆಗೆ ಅವರು ಹೆರಾಲ್ಡ್ ವಿಲ್ಸನ್ ಅವರ ಸಂಪುಟದಲ್ಲಿ ವಾಣಿಜ್ಯ ಖಾತೆಯ ಸಚಿವರಾಗಿದ್ದರು. ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆಯನ್ನು ಸೇರುವುದನ್ನು ಅವರು ದೃಢವಾಗಿ ವಿರೋಧಿಸಿದರು. ಅದರಿಂದ ಆಹಾರ ಪದಾರ್ಥಗಳ ಬೆಲೆ ಏರಿ ಬಡವರಿಗೆ ಹೊರೆಯಾಗುವುದೆಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು.

## ಫಲಿತಾಂಶಗಳ ವಿಶ್ಲೇಷಣೆ

ವಸಾಹತುವಾಗಿದ್ದ ದೇಶದಿಂದ ಬಂದ ಕಮ್ಯುನಿಸ್ಟ್ ಒಬ್ಬರನ್ನು ಲಂಡನ್ನಿನ ಕಾರ್ಮಿಕರು ಎರಡು ಬಾರಿ ಆರಿಸಿದ್ದು ಹೇಗೆ, ಮತ್ತು ಐದೇ ವರ್ಷಗಳಲ್ಲಿ ಕೈಬಿಟ್ಟದ್ದು ಏಕೆ ಎಂಬ ಪ್ರಶ್ನೆಗೆ ಮೇಲಿನ ಅಂಕಿಗಳು ಬಹುಮಟ್ಟಿಗೆ ಉತ್ತರ ನೀಡುತ್ತವೆ. ಸಕ್ಲತ್‌ವಾಲಾ ಅವರ ಮತಗಳು 1922ರಿಂದ 1924ರವರೆಗೆ ಪ್ರತಿ ಬಾರಿಯೂ ಏರಿದವು. ಸೋತ ವರ್ಷದಲ್ಲಿಯೂ ಇಳಿಯಲಿಲ್ಲ. ಈ ಮೂರು ಚುನಾವಣೆಗಳಲ್ಲಿ ಎಡಪಂಥದಿಂದ ಒಬ್ಬರೇ ಅಭ್ಯರ್ಥಿಯಿದ್ದರು. ಅಭ್ಯರ್ಥಿಯ ಜನಾಂಗವಾಗಲೀ ಹುಟ್ಟಿದ ದೇಶವಾಗಲೀ ಗೆಲುವಿಗೆ ಅಡ್ಡಿಯಾಗಲಿಲ್ಲ.

1929ರಲ್ಲಿ ಲೇಬರ್ ಮತ್ತು ಕಮ್ಯುನಿಸ್ಟ್ ಅಭ್ಯರ್ಥಿಗಳ ಒಟ್ಟು ಮತ 19,819. ಎಡಪಂಥದ ಬಲ ಕುಗ್ಗಿರಲಿಲ್ಲ, ಹಂಚಿಹೋಗಿತ್ತು. ಆ ಹಂಚಿಕೆಯಲ್ಲಿ ಹೆಚ್ಚಿನ ಪಾಲು ಲೇಬರ್ ಪಕ್ಷಕ್ಕೆ ದೊರೆಯಿತು. ಸಕ್ಲತ್‌ವಾಲಾ ಅವರ ವ್ಯಕ್ತಿತ್ವಕ್ಕೆ ಒಲಿದ ಮತದಾರರು ಸಾವಿರಾರು ಮಂದಿ ಇದ್ದರೂ, ಅವರ ಗೆಲುವಿಗೆ ಆಧಾರವಾಗಿದ್ದುದು ಸ್ಥಳೀಯ ಲೇಬರ್ ಸಂಘಟನೆ ಎಂಬುದನ್ನು ಇದು ತೋರಿಸುತ್ತದೆ. ಸಂಘಟನೆ ಒಡೆದಾಗ ಸ್ಥಾನವೂ ಕೈತಪ್ಪಿತು.

ಸ್ವಾತಂತ್ರ್ಯಪೂರ್ವದಲ್ಲಿ ಹೌಸ್ ಆಫ್ ಕಾಮನ್ಸಿಗೆ ಆಯ್ಕೆಯಾದ ಮೂವರು ಪಾರ್ಸಿಗಳೂ ಲಂಡನ್ನಿನ ಶ್ರಮಿಕ ವಸತಿಯ ಕ್ಷೇತ್ರಗಳಿಂದಲೇ ಬಂದವರು. ಲಿಬರಲ್ ಪಕ್ಷದ ದಾದಾಭಾಯಿ ನವರೋಜಿ 1892ರಲ್ಲಿ ಫಿನ್ಸ್‌ಬರಿ ಸೆಂಟ್ರಲ್‌ನಿಂದಲೂ, ಕನ್ಸರ್ವೇಟಿವ್ ಪಕ್ಷದ ಮಂಚೇರ್ಜಿ ಭಾವ್‌ನಗ್ರಿ 1895ರಲ್ಲಿ ಬೆತ್ನಲ್ ಗ್ರೀನ್ ಈಶಾನ್ಯದಿಂದಲೂ ಗೆದ್ದಿದ್ದರು. ಮೂವರ ಪಕ್ಷಗಳೂ ಬೇರೆಬೇರೆಯಾಗಿದ್ದುದು ಗಮನಾರ್ಹ.

## ಕ್ಷೇತ್ರದ ಅಂತ್ಯ

ಎರಡನೆಯ ಮಹಾಯುದ್ಧದ ನಂತರ ಬ್ಯಾಟರ್ಸಿಯ ಹಳೆಯ ಸಾಲುಮನೆಗಳ ಜಾಗದಲ್ಲಿ ಪುರಸಭೆಯ ಬಹುಮಹಡಿ ವಸತಿಗಳು ಎದ್ದವು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1965ರಲ್ಲಿ ಬ್ಯಾಟರ್ಸಿ ಪುರಸಭೆಯು ವಾಂಡ್ಸ್‌ವರ್ತ್ ಬರೋದಲ್ಲಿ ವಿಲೀನವಾಯಿತು. 1983ರ ಪುನರ್ವಿಂಗಡಣೆಯಲ್ಲಿ ಬ್ಯಾಟರ್ಸಿ ಉತ್ತರವನ್ನು ರದ್ದುಗೊಳಿಸಿ, ಬ್ಯಾಟರ್ಸಿ ದಕ್ಷಿಣದ ಹೆಚ್ಚಿನ ಭಾಗದೊಂದಿಗೆ ಸೇರಿಸಿ, ಬ್ಯಾಟರ್ಸಿ ಎಂಬ ಒಂದೇ ಕ್ಷೇತ್ರವನ್ನು ರಚಿಸಲಾಯಿತು. ಡಗ್ಲಸ್ ಜೇ ಆ ವರ್ಷ ಕೆಳಮನೆಯಿಂದ ನಿವೃತ್ತರಾದರು. ಹೊಸ ಕ್ಷೇತ್ರದ ಮೊದಲ ಸದಸ್ಯರಾದ ಲೇಬರ್ ಪಕ್ಷದ ಆಲ್ಫ್ ಡಬ್ಸ್, ನಾಜಿಗಳಿಂದ ಪಾರುಮಾಡಲು 1939ರಲ್ಲಿ ಪ್ರಾಗ್ ನಗರದಿಂದ ಇಂಗ್ಲೆಂಡಿಗೆ ಕಳುಹಿಸಲಾದ ಮಕ್ಕಳಲ್ಲಿ ಒಬ್ಬರು. 1987ರಲ್ಲಿ ಕ್ಷೇತ್ರವು ಕನ್ಸರ್ವೇಟಿವ್ ಪಕ್ಷದ ಪಾಲಾಯಿತು.

ಬ್ಯಾಟರ್ಸಿಯ ಪ್ರಸಿದ್ಧ ವಿದ್ಯುತ್ ಸ್ಥಾವರವೂ 1983ರಲ್ಲಿಯೇ ಉತ್ಪಾದನೆ ನಿಲ್ಲಿಸಿತು. ಅದರ ಕಟ್ಟಡದಲ್ಲಿ ಇಂದು ಅಂಗಡಿಗಳು, ಕಚೇರಿಗಳು ಮತ್ತು ದುಬಾರಿ ಮನೆಗಳಿವೆ. ರೈಲ್ವೆ ಕಾರ್ಮಿಕರ ನೆಲೆಯಾಗಿದ್ದ ನೈನ್ ಎಲ್ಮ್ಸ್‌ಗೆ 2018ರಲ್ಲಿ ಅಮೆರಿಕದ ರಾಯಭಾರ ಕಚೇರಿ ಸ್ಥಳಾಂತರಗೊಂಡಿತು.